ಓಡುವ ಗಾಡಿಯಲ್ಲಿ ಕೊಡುವ ಮದ್ದು: ಆಂಬುಲೆನ್ಸ್ ಔಷಧಗಳು ನಡೆದು ಬಂದ ದಾರಿ

ಆಂಬುಲೆನ್ಸ್ ಅಂದರೆ ರೋಗಿಯನ್ನು ಬೇಗ ಆಸ್ಪತ್ರೆಗೆ ಮುಟ್ಟಿಸುವ ಗಾಡಿ ಅಂತಲೇ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. 60 ವರ್ಷದ ಹಿಂದೆ ಅದು ನಿಜವೂ ಆಗಿತ್ತು. 1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತದ ಸಾವುಗಳ ಬಗ್ಗೆ ಒಂದು ವರದಿ ಹೊರತಂದಿತು. ಆ ದೇಶದ ಸುಮಾರು ಅರ್ಧದಷ್ಟು ಆಂಬುಲೆನ್ಸ್ ಸೇವೆಯನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯವಹಾರದವರು ಅಂತ ಅದರಲ್ಲಿತ್ತು. ಒಬ್ಬ ಮನುಷ್ಯನನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರವೇ. ಅಂಥ ಗಾಡಿಯಲ್ಲಿ ಮದ್ದು ಎಲ್ಲಿಂದ ಬರಬೇಕು? ಇದ್ದರೂ ಅದನ್ನು ಕೊಡಲು ಬರುವವರು ಯಾರಿದ್ದರು?

ಈಗ ಚೆನ್ನಾಗಿ ಸಜ್ಜಾದ ಆಂಬುಲೆನ್ಸಿನ ಮದ್ದಿನ ಪೆಟ್ಟಿಗೆ ತೆಗೆದರೆ ನಿಂತ ಹೃದಯ ಮತ್ತೆ ಬಡಿಯಲಿ ಅಂತ ಕೊಡುವ ಅಡ್ರಿನಲಿನ್ ಇರುತ್ತದೆ. ಎದೆನೋವಿಗೆ ಆಸ್ಪಿರಿನ್, ಶುಗರ್ ಇಳಿದವರಿಗೆ ಗ್ಲೂಕೋಸ್, ದಮ್ಮಿಗೆ ಸಾಲ್ಬುಟಮಾಲ್, ಫಿಟ್ಸ್‌ಗೆ ಇಂಜೆಕ್ಷನ್ ಇರುತ್ತವೆ. ದೇಶದಿಂದ ದೇಶಕ್ಕೆ ಪಟ್ಟಿ ಬದಲಾಗುತ್ತದೆ. ಇವು ಒಂದೊಂದೂ ಒಳಗೆ ಬಂದ ಕಥೆ ನೋಡುತ್ತಾ ಹೋದಂತೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಔಷಧ ಎಷ್ಟು ಜೋರಾದದ್ದು ಅನ್ನುವುದು ಆಮೇಲಿನ ಮಾತು. ಕುಲುಕಾಡುವ ಗಾಡಿಯಲ್ಲಿ, ಅರೆಬೆಳಕಿನಲ್ಲಿ, ಒಬ್ಬರೇ ಕೂತು ಅದನ್ನು ಎಷ್ಟು ಬೇಗ ಕೊಡಬಹುದು ಅನ್ನುವುದರ ಮೇಲೇ ಜಾಸ್ತಿ ಜೀವ ನಿಂತಿದೆ.

ಮೊದಲ ದೊಡ್ಡ ಹೆಜ್ಜೆ ಬಿದ್ದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅಲ್ಲಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಹೃದಯ ತಜ್ಞ ಫ್ರಾಂಕ್ ಪ್ಯಾಂಟ್ರಿಡ್ಜ್ ಒಂದು ಸಂಗತಿ ಗಮನಿಸಿದ್ದರು. ಹಾರ್ಟ್ ಅಟ್ಯಾಕಿನಲ್ಲಿ ಸಾಯುವ ಬಹಳ ಜನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಡುತ್ತಿದ್ದರು. ಹಾಗಿದ್ದ ಮೇಲೆ ಆಸ್ಪತ್ರೆಯೇ ಅವರ ಮನೆಗೆ ಹೋಗಬೇಕಲ್ವಾ? 1966ರ ಜನವರಿಯಲ್ಲಿ ಅವರ ತಂಡ ಕಾರಿನ ಬ್ಯಾಟರಿಯಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರನ್ನು, ಅಂದರೆ ಎದೆಗೆ ವಿದ್ಯುತ್ ಷಾಕ್ ಕೊಟ್ಟು ಬಡಿತ ಸರಿಮಾಡುವ ಯಂತ್ರವನ್ನು, ಆಂಬುಲೆನ್ಸಿಗೆ ಹತ್ತಿಸಿತು. ಜೊತೆಗೆ ನೋವಿಗೆ ಮಾರ್ಫಿನ್, ಬಡಿತ ತೀರಾ ನಿಧಾನವಾದರೆ ಅಟ್ರೋಪಿನ್, ಬಡಿತ ದಿಕ್ಕುತಪ್ಪಿದರೆ ಲಿಗ್ನೋಕೇನ್. ಮರುವರ್ಷ ಪ್ಯಾಂಟ್ರಿಡ್ಜ್ ಮತ್ತು ಜಾನ್ ಗೆಡ್ಡಿಸ್ ತಮ್ಮ ಅನುಭವವನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಆದರೆ ಆ ಗಾಡಿಯಲ್ಲಿ ಡಾಕ್ಟರೇ ಹೋಗುತ್ತಿದ್ದರು. ಪ್ರತಿ ಗಾಡಿಗೂ ಒಬ್ಬ ಡಾಕ್ಟರನ್ನು ಯಾವ ಊರು ತಂದೀತು? ಅಮೆರಿಕದ ಪಿಟ್ಸ್‌ಬರ್ಗ್ ಇದಕ್ಕೆ ಬೇರೆ ಉತ್ತರ ಹುಡುಕಿತು. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಒಬ್ಬರಾದ ಪೀಟರ್ ಸಾಫರ್ ಆಗ ಅಲ್ಲಿದ್ದರು. 1966ರಲ್ಲಿ ಅವರ ಮಗಳು ದಮ್ಮು ಕೆರಳಿ ತೀರಿಕೊಂಡಿದ್ದಳು. ಮರುವರ್ಷ 'ಫ್ರೀಡಮ್ ಹೌಸ್' ಆಂಬುಲೆನ್ಸ್ ಸೇವೆ ಶುರುವಾಯಿತು. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಬಡ ಬಡಾವಣೆಯ ಕಪ್ಪು ಜನಾಂಗದ ಯುವಕರನ್ನು, ಕೆಲಸ ಸಿಗದೆ ಕೂತಿದ್ದವರನ್ನು, ಸಾಫರ್ ತಿಂಗಳುಗಟ್ಟಲೆ ತರಬೇತಿ ಕೊಟ್ಟು ತಯಾರು ಮಾಡಿದರು. ಆಮೇಲೆ ಸೇರಿಕೊಂಡ ಡಾ. ನ್ಯಾನ್ಸಿ ಕ್ಯಾರೋಲಿನ್ ಇವರ ಜೊತೆ ಗಾಡಿಯಲ್ಲೇ ಓಡಾಡಿ ಕಲಿಸಿದರು. ಅವರು ಬರೆದ ಪಾಠಕ್ರಮವೇ ಮುಂದೆ ಅಮೆರಿಕದ ಪ್ಯಾರಾಮೆಡಿಕ್‌ಗಳ, ಅಂದರೆ ಡಾಕ್ಟರಲ್ಲದಿದ್ದರೂ ಗಾಡಿಯಲ್ಲೇ ಚಿಕಿತ್ಸೆ ಕೊಡಬಲ್ಲವರ, ತರಬೇತಿಗೆ ಬುನಾದಿಯಾಯಿತು. 1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆ ಶುರು ಮಾಡಿ ಫ್ರೀಡಮ್ ಹೌಸನ್ನು ಮುಚ್ಚಿಸಿತು. ಜಗತ್ತಿಗೆ ದಾರಿ ತೋರಿಸಿದವರಿಗೆ ತಮ್ಮ ಊರಿನಲ್ಲೇ ಜಾಗ ಸಿಗಲಿಲ್ಲ. ಈ ಅನ್ಯಾಯ ಓದುವಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದೇ ಹೊತ್ತಿಗೆ ಮಯಾಮಿಯಲ್ಲಿ ಡಾ. ಯೂಜೀನ್ ನೇಗಲ್ ಗಾಡಿಯಿಂದ ಆಸ್ಪತ್ರೆಗೆ ರೇಡಿಯೊ ಮೂಲಕ ಇಸಿಜಿ ಕಳಿಸುವ ಏರ್ಪಾಡು ಮಾಡಿದ್ದರು. ಡಾಕ್ಟರ್ ಅಲ್ಲಿಂದ ಹೇಳಬೇಕು, ಗಾಡಿಯಲ್ಲಿದ್ದವರು ಇಲ್ಲಿ ಕೊಡಬೇಕು. 1970ರಲ್ಲಿ ಕ್ಯಾಲಿಫೋರ್ನಿಯಾ ಪ್ಯಾರಾಮೆಡಿಕ್‌ಗಳಿಗೆಂದೇ ಕಾನೂನು ತಂದಿತು. ಡಾಕ್ಟರಲ್ಲದವರ ಕೈಗೆ ಸಿರಿಂಜು ಹೀಗೆ ಬಂತು.

ಸಿರಿಂಜಿನ ಜೊತೆ ಭಯವೂ ಬಂತು. ಫಿಟ್ಸ್ ನಿಲ್ಲಿಸುವ ಔಷಧಗಳ ವಿಷಯದಲ್ಲಿ ಅದು ಜಾಸ್ತಿ ಇತ್ತು. ಡಯಜೆಪಾಮ್, ಲೊರಾಜೆಪಾಮ್ ಜಾತಿಯ ಔಷಧ ಹೆಚ್ಚಾದರೆ ಉಸಿರಾಟ ಕುಗ್ಗುತ್ತದೆ. ದಾರಿ ಮಧ್ಯೆ ಉಸಿರು ನಿಂತರೆ ಯಾರು ಹೊಣೆ? ಆಸ್ಪತ್ರೆಗೇ ಬರಲಿ, ಅಲ್ಲೇ ಕೊಡೋಣ ಅನ್ನುವ ವಾದ ಕೇಳಲು ಜಾಣತನದ್ದೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 205 ರೋಗಿಗಳಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಫಿಟ್ಸ್ ನಿಂತಿದ್ದವರು ಲೊರಾಜೆಪಾಮ್ ಪಡೆದವರಲ್ಲಿ ಶೇ. 59, ಡಯಜೆಪಾಮ್ ಪಡೆದವರಲ್ಲಿ ಶೇ. 43, ಬರೀ ಹುಸಿಮದ್ದು (ಹೋಲಿಸಿ ನೋಡಲು ಕೊಡುವ, ಔಷಧವಿಲ್ಲದ ಇಂಜೆಕ್ಷನ್) ಪಡೆದವರಲ್ಲಿ ಶೇ. 21. ಉಸಿರಾಟದ, ರಕ್ತದೊತ್ತಡದ ತೊಂದರೆಯ ಲೆಕ್ಕ ಇನ್ನೂ ಅಚ್ಚರಿಯದು. ಔಷಧ ಪಡೆದ ಎರಡೂ ಗುಂಪಿನಲ್ಲಿ ಅದು ಶೇ. 10ರ ಆಸುಪಾಸು ಇತ್ತು. ಹುಸಿಮದ್ದಿನ ಗುಂಪಿನಲ್ಲಿ ಶೇ. 22 ದಾಟಿತ್ತು. ಉಸಿರು ಕಟ್ಟಿಸುತ್ತಿದ್ದದ್ದು ಮದ್ದಿಗಿಂತ ಜಾಸ್ತಿ, ನಿಲ್ಲದ ಫಿಟ್ಸೇ.

ಮದ್ದು ಕೊಡಬೇಕು ಅಂತಾಯಿತು. ಹೇಗೆ ಕೊಡುವುದು? ಮೈಯೆಲ್ಲ ಸೆಟೆದು ಅದುರುತ್ತಿರುವವರ ಕೈಗೆ ಪಟ್ಟಿ ಬಿಗಿಯಬೇಕು. ನರ ಹುಡುಕಬೇಕು. ಸೂಜಿ ಒಳಗೆ ಹೋದರೂ ಒಂದು ಜಗ್ಗಿಗೆ ಕಿತ್ತು ಬರುತ್ತದೆ. ಪ್ಲಾಸ್ಟರ್ ಬೆವರಿಗೆ ಅಂಟುವುದಿಲ್ಲ. ಒಬ್ಬರು ಕೈ ಅದುಮಿ ಹಿಡಿಯಬೇಕು, ಇನ್ನೊಬ್ಬರು ಚುಚ್ಚಬೇಕು. 2012ರಲ್ಲಿ ಬಂದ ರಾಂಪಾರ್ಟ್ ಅಧ್ಯಯನ ಕೇಳಿದ್ದು ಇದನ್ನೇ: ನರದ ಗೊಡವೆ ಬಿಟ್ಟು ತೊಡೆಯ ಮಾಂಸಕ್ಕೇ ಅದೇ ಜಾತಿಯ ಮಿಡಜೋಲಾಮ್ ಚುಚ್ಚಿದರೆ ಹೇಗೆ? 893 ರೋಗಿಗಳು ಅದರಲ್ಲಿದ್ದರು. ನರಕ್ಕೆ ಕೊಟ್ಟ ಲೊರಾಜೆಪಾಮ್ ಸುಮಾರು ಒಂದೂವರೆ ನಿಮಿಷದಲ್ಲಿ ಫಿಟ್ಸ್ ನಿಲ್ಲಿಸಿತು. ತೊಡೆಗೆ ಕೊಟ್ಟ ಮಿಡಜೋಲಾಮ್ ಮೂರು ನಿಮಿಷಕ್ಕಿಂತ ತುಸು ಜಾಸ್ತಿ ತೆಗೆದುಕೊಂಡಿತು. ಅಷ್ಟೇ ನೋಡಿದರೆ ನರದ ದಾರಿಯೇ ಮೇಲು. ಆದರೆ ನರ ಹಿಡಿದು ಮದ್ದು ಕೊಡುವುದಕ್ಕೇ ಸುಮಾರು 4.8 ನಿಮಿಷ ಹಿಡಿದಿತ್ತು. ತೊಡೆಗೆ ಕೊಡಲು ಸಾಕಾದದ್ದು 1.2 ನಿಮಿಷ. ಕೊನೆಯ ಲೆಕ್ಕದಲ್ಲಿ ಬೇರೆ ಮದ್ದು ಬೇಕಾಗದೆ ಫಿಟ್ಸ್ ನಿಂತು ಆಸ್ಪತ್ರೆ ಸೇರಿದವರು ಮಿಡಜೋಲಾಮ್ ಗುಂಪಿನಲ್ಲಿ ಶೇ. 73, ಲೊರಾಜೆಪಾಮ್ ಗುಂಪಿನಲ್ಲಿ ಶೇ. 63. ಇನ್ನೊಂದು ಅನುಕೂಲವೂ ಇದೆ. ಲೊರಾಜೆಪಾಮನ್ನು ಫ್ರಿಜ್ಜಿನಲ್ಲಿಡಬೇಕು, ಮಿಡಜೋಲಾಮ್‌ಗೆ ಅದು ಬೇಡ. ಬಿಸಿಲಲ್ಲಿ ನಿಲ್ಲುವ ಗಾಡಿಗೆ ಇದು ಸಣ್ಣ ಮಾತಲ್ಲ.

ಎಲ್ಲ ಔಷಧದ ಕಥೆಯೂ ಹೀಗೆ ಗೆಲುವಿನದ್ದಲ್ಲ. ಅಡ್ರಿನಲಿನ್ ನೋಡಿ. 1901ರಲ್ಲಿ ಜಪಾನಿನ ಜೋಕಿಚಿ ತಕಾಮಿನೆ ಇದನ್ನು ಪ್ರಾಣಿಗಳ ಗ್ರಂಥಿಯಿಂದ ಶುದ್ಧವಾಗಿ ಬೇರ್ಪಡಿಸಿದ್ದನ್ನು ಪ್ರಕಟಿಸಿದರು. 1960ರ ದಶಕದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ನಿಂತ ಹೃದಯ ಇದರಿಂದ ಮತ್ತೆ ಬಡಿಯಿತು. ಅಲ್ಲಿಂದ ಮನುಷ್ಯರಿಗೆ ಬಂತು. ದೊಡ್ಡವರಿಗೆ ಒಂದು ಸಲಕ್ಕೆ 1 ಮಿಲಿಗ್ರಾಂ, ಮೈತೂಕ ಎಷ್ಟೇ ಇರಲಿ. ಇಂದಿಗೂ ಅದೇ ಲೆಕ್ಕ. ಅದು ನಿಜವಾಗಿ ಜೀವ ಉಳಿಸುತ್ತದಾ ಅಂತ ದಶಕಗಟ್ಟಲೆ ಯಾರೂ ಹುಸಿಮದ್ದಿನ ಜೊತೆ ಹೋಲಿಸಿ ನೋಡಲಿಲ್ಲ. ಎದುರಿಗೆ ಸತ್ತಂತೆ ಬಿದ್ದವರಿಗೆ ನೀರಿನ ಇಂಜೆಕ್ಷನ್ ಕೊಡಲು ಯಾರ ಮನಸ್ಸು ಒಪ್ಪೀತು? ಆಸ್ಟ್ರೇಲಿಯಾದಲ್ಲಿ ಅಂಥ ಒಂದು ದೊಡ್ಡ ಅಧ್ಯಯನ ಶುರುವಾಗುವ ಮುಂಚೆಯೇ ಒಂದನ್ನು ಬಿಟ್ಟು ಉಳಿದ ಆಂಬುಲೆನ್ಸ್ ಸೇವೆಗಳು ಹಿಂದೆ ಸರಿದವು. 2011ರಲ್ಲಿ ಬಂದ ಅದರ ವರದಿಯಲ್ಲಿ 534 ರೋಗಿಗಳಷ್ಟೇ ಇದ್ದರು. ಖಚಿತವಾಗಿ ಏನನ್ನೂ ಹೇಳಲು ಅದು ಸಾಲದು.

ಬ್ರಿಟನ್ನಿನ ಐದು ಆಂಬುಲೆನ್ಸ್ ಸೇವೆಗಳು ಆ ಧೈರ್ಯ ಮಾಡಿದವು. 8,014 ರೋಗಿಗಳ ಪ್ಯಾರಾಮೆಡಿಕ್-2 ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಡ್ರಿನಲಿನ್ ಕೊಟ್ಟವರಲ್ಲಿ ಶೇ. 36 ಜನರ ಹೃದಯ ಮತ್ತೆ ಬಡಿಯಿತು. ಹುಸಿಮದ್ದಿನವರಲ್ಲಿ ಬರೀ ಶೇ. 12. ಆದರೆ 30 ದಿನ ಬದುಕಿ ಉಳಿದವರು ಶೇ. 3.2 ಮತ್ತು ಶೇ. 2.4. ಮನೆಗೆ ಹೋಗುವಷ್ಟು ಉಳಿದವರಲ್ಲೂ ಮೆದುಳಿಗೆ ತೀವ್ರ ಪೆಟ್ಟಾದವರು ಅಡ್ರಿನಲಿನ್ ಗುಂಪಿನಲ್ಲಿ ಶೇ. 31, ಇನ್ನೊಂದರಲ್ಲಿ ಶೇ. 18ರ ಹತ್ತಿರ. ಹೃದಯ ಎದ್ದಿತು, ಅಷ್ಟರಲ್ಲಿ ಮೆದುಳು ಸೊರಗಿತ್ತು. ಕರೆ ಬಂದಾಗಿನಿಂದ ಅಡ್ರಿನಲಿನ್ ಒಳಗೆ ಹೋಗುವ ಹೊತ್ತಿಗೆ ಸುಮಾರು 21 ನಿಮಿಷ ಕಳೆದಿತ್ತು ಅನ್ನುವುದನ್ನು ಮರೆಯಬಾರದು.

ಆ ವರದಿ ಬರೆದವರೇ ಒಂದು ಹೋಲಿಕೆ ಕೊಟ್ಟಿದ್ದಾರೆ. ಅಡ್ರಿನಲಿನ್‌ನಿಂದ ಒಂದು ಜೀವ ಹೆಚ್ಚು ಉಳಿಯಲು 112 ಜನರಿಗೆ ಕೊಡಬೇಕು. ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತಿದರೆ 15 ಜನರಲ್ಲಿ ಒಬ್ಬರು ಹೆಚ್ಚು ಉಳಿಯುತ್ತಾರೆ. ಬೇಗ ಡಿಫಿಬ್ರಿಲೇಟರ್ ಸಿಕ್ಕರೆ 5 ಜನರಲ್ಲಿ ಒಬ್ಬರು. ಅಡ್ರಿನಲಿನ್ ಪೆಟ್ಟಿಗೆಯಲ್ಲಿ ಇರಲಿ, ಮಾರ್ಗಸೂಚಿಗಳಲ್ಲೂ ಅದು ಉಳಿದಿದೆ. ಆದರೆ ಶಾಲೆ, ಬಸ್ ಸ್ಟ್ಯಾಂಡ್, ಜಾತ್ರೆ ನಡೆಯುವ ಕಡೆ ನಾಲ್ಕು ಜನರಿಗೆ ಎದೆ ಒತ್ತಲು ಕಲಿಸುವುದು ಇದಕ್ಕಿಂತ ದೊಡ್ಡ ಮದ್ದು ಅಂತ ನಾನು ನಂಬಿದ್ದೇನೆ.

ಪೆಟ್ಟಿಗೆಯಿಂದ ಹೊರಗೆ ಹೋದವೂ ಇವೆ. ಹೃದಯ ನಿಂತವರಿಗೆಲ್ಲ ಸೋಡಾ ಬೈಕಾರ್ಬ್ ಹಾಕುವ ರೂಢಿ 1980ರ ದಶಕದಲ್ಲಿ ಸಡಿಲವಾಯಿತು. ಪೂರ್ತಿ ನಿಂತ ಹೃದಯಕ್ಕೆ ಅಟ್ರೋಪಿನ್ ಕೊಡುವುದನ್ನು 2010ರ ಮಾರ್ಗಸೂಚಿಗಳು ಕೈಬಿಟ್ಟವು.

ಒಳಗೆ ಬಂದವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಟ್ರಾನೆಕ್ಸಾಮಿಕ್ ಆಸಿಡ್. 1960ರ ದಶಕದ ಆರಂಭದಲ್ಲಿ ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಇದನ್ನು ಕಂಡುಹಿಡಿದರು. ಹೆಪ್ಪುಗಟ್ಟಿದ ರಕ್ತ ಕರಗದಂತೆ ಇದು ತಡೆಯುತ್ತದೆ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರಿಗೆ ಇದನ್ನು ಕೊಟ್ಟು ನೋಡಿ ಅಂತ ಉತಾಕೊ ಕೇಳಿಕೊಂಡರೂ ಅಲ್ಲಿನ ಡಾಕ್ಟರುಗಳು ಒಪ್ಪಿರಲಿಲ್ಲ. ಔಷಧ ಹಲ್ಲು ಕೀಳುವಾಗ, ಮುಟ್ಟಿನ ಅತಿಸ್ರಾವಕ್ಕೆ ಬಳಕೆಯಾಗುತ್ತಾ ಸುಮ್ನೆ ಉಳಿಯಿತು. 2010ರಲ್ಲಿ ಬಂದ ಕ್ರ್ಯಾಶ್-2 ಅಧ್ಯಯನ 40 ದೇಶಗಳ 20,211 ಗಾಯಾಳುಗಳನ್ನು ನೋಡಿತು. ಭಾರತದವರೂ ಅದರಲ್ಲಿದ್ದರು. ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು. ಮುಂದಿನ ವಿಶ್ಲೇಷಣೆ ಹೇಳಿದ್ದು ಇನ್ನೂ ಮುಖ್ಯ: ಗಾಯವಾದ ಒಂದು ಗಂಟೆಯೊಳಗೆ ಕೊಟ್ಟರೆ ಲಾಭ ಜಾಸ್ತಿ, ಮೂರು ಗಂಟೆ ದಾಟಿದರೆ ರಕ್ತಸ್ರಾವದ ಸಾವು ಹೆಚ್ಚಬಹುದು. ಹೀಗಾಗಿ ಇದು ಆಂಬುಲೆನ್ಸಿನಲ್ಲೇ ಕೊಡಬೇಕಾದ ಔಷಧವಾಯಿತು. ತಾಯಂದಿರ ಮೇಲೆ ನಡೆದ ಅಧ್ಯಯನವೂ 2017ರಲ್ಲಿ ಬಂತು, ಬೇಗ ಕೊಟ್ಟರೆ ರಕ್ತಸ್ರಾವದ ಸಾವು ತಗ್ಗುತ್ತದೆ ಅಂದಿತು. ಉತಾಕೊ ಅದರ ಹಿಂದಿನ ವರ್ಷವೇ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ನಮ್ಮ ಕಡೆ ಬರೋಣ. 108 ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾಯಿತು. ಕರ್ನಾಟಕಕ್ಕೆ 'ಆರೋಗ್ಯ ಕವಚ' ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂತು. ಗಾಡಿಯ ಹಿಂದೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಒಬ್ಬ ಇಎಂಟಿ, ಮುಂದೆ ಪೈಲಟ್ ಅಂತ ಕರೆಯುವ ಚಾಲಕ. ಏನಾದರೂ ಕೊಡುವ ಮುಂಚೆ ಕೇಳಬೇಕಾದರೆ ಫೋನಿನಲ್ಲಿ ಕಂಟ್ರೋಲ್ ರೂಮಿನ ಡಾಕ್ಟರ್. ಮಯಾಮಿಯ ರೇಡಿಯೊ ಪದ್ಧತಿಯೇ ಇಲ್ಲಿ ಮೊಬೈಲಿಗೆ ಇಳಿದಿದೆ. ಇಎಂಟಿಗಳು ಯಾರು, ಏನು ಓದಿರಬೇಕು ಅನ್ನುವುದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನಿನ ಚೌಕಟ್ಟು ಬಂದದ್ದು 2021ರ ಅಲೈಡ್ ಹೆಲ್ತ್ ಕಾಯ್ದೆಯಲ್ಲಿ. ಬಹಳ ತಡವಾಯಿತು.

'108ರಲ್ಲೇ ಹೆರಿಗೆ, ತಾಯಿ ಮಗು ಕ್ಷೇಮ' ಅನ್ನುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಂಥ ಹೆರಿಗೆಯಲ್ಲಿ ಮಗು ಹೊರಬಂದ ಮೇಲೆ ಶುರುವಾಗುವ ರಕ್ತಸ್ರಾವವೇ ದೊಡ್ಡ ಶತ್ರು. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ತಂಪು ಇಲ್ಲದ ಕಡೆ ಏನು ಮಾಡುವುದು? ಇದಕ್ಕೆ ಬೆಳಗಾವಿಯ ಹಳ್ಳಿಗಳಿಂದಲೇ ಉತ್ತರ ಬಂತು. ಅಲ್ಲಿನ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ವೈದ್ಯರು ವಿದೇಶಿ ಸಂಶೋಧಕರ ಜೊತೆ ಸೇರಿ 1,620 ಬಾಣಂತಿಯರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಎಎನ್‌ಎಂಗಳು, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರು, ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು, 600 ಮೈಕ್ರೋಗ್ರಾಂ. ಹೆಚ್ಚು ರಕ್ತ ಹೋಗುವುದು ಶೇ. 12ರಿಂದ 6.4ಕ್ಕೆ ಇಳಿಯಿತು. ಸೂಜಿ ಬೇಡ, ಫ್ರಿಜ್ ಬೇಡ, ಡಾಕ್ಟರ್ ಬೇಡ. ಜಗತ್ತಿನ ಬಡ ದೇಶಗಳ ತಾಯಂದಿರಿಗೆ ಬೆಳಗಾವಿ ಕೊಟ್ಟ ಈ ಕಾಣಿಕೆ ನಮಗೇ ಸರಿಯಾಗಿ ಗೊತ್ತಿಲ್ಲ.

ಬಸುರಿಯರಿಗೆ ಬಿಪಿ ಏರಿ ಬರುವ ಫಿಟ್ಸ್‌ನದ್ದೂ ಇದೇ ಕಥೆ. ಮೆಗ್ನೀಸಿಯಂ ಸಲ್ಫೇಟ್ ಹಳೆಯ, ಅಗ್ಗದ ಔಷಧ. ಡಯಜೆಪಾಮ್‌ಗಿಂತ ಅದೇ ಮೇಲು ಅಂತ 1995ರ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಎಎನ್‌ಎಂಗಳೇ ಸೊಂಟದ ಎರಡೂ ಬದಿಗೆ 5 ಗ್ರಾಂನಂತೆ ಮೊದಲ ಡೋಸು ಚುಚ್ಚಿ ಕಳಿಸಬಹುದು ಅಂತ ಭಾರತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

ಹಾವು ಕಡಿತದ ಮದ್ದಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಾಗಾದರೆ ಆಂಬುಲೆನ್ಸಿನಲ್ಲೇ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಇಡಬಾರದಾ ಅಂತ ಕೇಳುವವರಿದ್ದಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ನಮ್ಮ ಎಎಸ್‌ವಿ ತಯಾರಾಗುತ್ತದೆ. ಪುಡಿಯ ರೂಪದಲ್ಲಿ ಸಿಗುವುದನ್ನು ಫ್ರಿಜ್ ಇಲ್ಲದೆಯೂ ಇಡಬಹುದು. ಅಲ್ಲಿಯವರೆಗೆ ಸರಿ. ಆದರೆ ವಿಷ ಏರಿದ ಲಕ್ಷಣ ಕಂಡ ಮೇಲಷ್ಟೇ ಕೊಡಬೇಕು. ಮೊದಲ ಸಲಕ್ಕೇ ಸುಮಾರು ಹತ್ತು ಬಾಟಲಿ ಬೇಕು. ಒಂದೊಂದನ್ನೂ ನೊರೆಯೇಳದಂತೆ ಮೆಲ್ಲಗೆ ತಿರುಗಿಸುತ್ತಾ ಕರಗಿಸಬೇಕು. ನರಕ್ಕೇ ಹೋಗಬೇಕು. ಕುದುರೆಯ ರಕ್ತದಿಂದ ಮಾಡಿದ್ದಾದ್ದರಿಂದ ಕೆಲವರಿಗೆ ಜೋರು ಅಲರ್ಜಿಯಾಗಿ ಬಿಪಿ ಕುಸಿಯುತ್ತದೆ, ಆಗ ತೊಡೆಗೆ ಅಡ್ರಿನಲಿನ್ ಚುಚ್ಚಲು ತಯಾರಿರಬೇಕು. ಘಟ್ಟದ ತಿರುವಿನಲ್ಲಿ ಒಬ್ಬ ಇಎಂಟಿ ಇಷ್ಟೆಲ್ಲ ಮಾಡಲಿ ಅನ್ನುವುದು ನ್ಯಾಯವಲ್ಲ. ಎಎಸ್‌ವಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರಲಿ. ಗಾಡಿಯವರು ಹೊರಡುವಾಗಲೇ ಫೋನ್ ಮಾಡಿ, ಅಲ್ಲಿ ಎಎಸ್‌ವಿ ಇದೆಯಾ, ಈಗ ಡಾಕ್ಟರ್ ಇದ್ದಾರಾ ಅಂತ ಕೇಳಿಕೊಳ್ಳಲಿ. ಇಲ್ಲ ಅಂದರೆ ಆ ಕ್ಷಣವೇ ತಾಲ್ಲೂಕು ಆಸ್ಪತ್ರೆಯ ದಾರಿ ಹಿಡಿಯಲಿ.