ಹಾವುಗಳಿಗೆ ಒಡನಾಡಿ ಬೇಡ

ಬೆಂಗಳೂರಿನ ಹಳೆಯ ಬಡಾವಣೆಗಳ ಅಶ್ವತ್ಥಕಟ್ಟೆಗಳಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ನಿಂತ ನಾಗರಕಲ್ಲುಗಳ ಮೇಲೆ ಎರಡು ಹಾವುಗಳು ಹೆಣೆದುಕೊಂಡಿರುವ ಕೆತ್ತನೆಯನ್ನು ನಾವೆಲ್ಲರೂ ನೋಡಿದ್ದೇವೆ. ಹೊಲದ ಬದುವಿನಲ್ಲಿ ಅಂಥದೇ ಜೋಡಿಯೊಂದು ಮೈ ಎತ್ತಿ ಹೆಣೆದುಕೊಂಡದ್ದನ್ನು ಕಂಡವರು ಕೇರೆಯೂ ನಾಗರವೂ ಕೂಡುತ್ತಿವೆಯೆಂದು ಇಂದಿಗೂ ಹೇಳುತ್ತಾರೆ. ವಾಸ್ತವದಲ್ಲಿ ಅಲ್ಲಿ ನಾಗರವೂ ಇರುವುದಿಲ್ಲ, ಕೂಟವೂ ಇರುವುದಿಲ್ಲ. ಸಾಮಾನ್ಯವಾಗಿ ಅವು ಎರಡು ಗಂಡು ಕೇರೆಗಳು. ಒಂದರ ತಲೆಯನ್ನು ಇನ್ನೊಂದು ನೆಲಕ್ಕೊತ್ತಲು ಹೂಡಿದ ಕುಸ್ತಿ ಅದು. ಜಗಳವನ್ನು ಕಂಡು ಸರಸವೆಂದು ತಿಳಿಯುವ ನಮ್ಮ ಈ ಹಳೆಯ ಅಭ್ಯಾಸ ಈಗ ಬದುವಿನಿಂದ ಅಪಾರ್ಟ್‌ಮೆಂಟುಗಳೊಳಕ್ಕೆ ಬಂದಿದೆ.

ಪರಿಚಯದ ಯುವಕರೊಬ್ಬರು ತಮ್ಮ ಮನೆಯ ಗಾಜಿನ ತೊಟ್ಟಿಯೊಂದರಲ್ಲಿ ಆಫ್ರಿಕದ ಬಾಲ್ ಪೈಥಾನ್ ಎಂಬ ಹೆಬ್ಬಾವನ್ನೂ ಅಮೆರಿಕದ ಕಾರ್ನ್ ಸ್ನೇಕನ್ನೂ ಒಟ್ಟಿಗೆ ಇರಿಸಿದ್ದರು. ಒಂದರ ಮೇಲೊಂದು ಸುತ್ತಿಕೊಂಡು ಮಲಗಿದ್ದ ಅವನ್ನು ತೋರಿಸಿ, ‘ನೋಡಿ ಸರ್, ಎಷ್ಟು ಅನ್ಯೋನ್ಯವಾಗಿವೆ’ ಎಂದರು. ಆ ತೊಟ್ಟಿಯಲ್ಲಿದ್ದುದು ಒಂದೇ ಹೀಟಿಂಗ್ ಮ್ಯಾಟು, ಅಡಗಿಕೊಳ್ಳಲು ಒಂದೇ ಮರೆ. ಬೆಚ್ಚಗಿನ ಜಾಗಕ್ಕಾಗಿ ಎರಡೂ ಪೈಪೋಟಿ ನಡೆಸಿದ್ದವು. ಒಂದೇ ಕಿಟಕಿ ತೆರೆದಿರುವ ಬಸ್ಸಿನಲ್ಲಿ ಅದರ ಪಕ್ಕಕ್ಕೆ ಒತ್ತಿಕೊಂಡು ನಿಂತವರನ್ನು ಯಾರೂ ಗೆಳೆಯರೆಂದು ಕರೆಯುವುದಿಲ್ಲ.

ಎಲ್ಲ ಹಾವುಗಳೂ ಒಂಟಿ ಜೀವಿಗಳೆಂದು ಹೇಳಿದರೆ ಅದು ತಪ್ಪಾಗುತ್ತದೆ. ಕೆನಡಾದ ಮ್ಯಾನಿಟೋಬಾ ಪ್ರಾಂತದ ನಾರ್ಸಿಸ್‌ನಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಗಾರ್ಟರ್ ಹಾವುಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೇರಿ ಚಳಿಗಾಲ ಕಳೆಯುತ್ತವೆ. ಗಾರ್ಟರ್ ಹಾವುಗಳು ತಮ್ಮ ಗುಂಪಿನಲ್ಲೇ ಕೆಲವು ಒಡನಾಡಿಗಳನ್ನು ಆರಿಸಿಕೊಳ್ಳುತ್ತವೆ ಎಂಬುದನ್ನು ಕೆನಡಾದ ಸಂಶೋಧಕರು 2020ರಲ್ಲಿ ತೋರಿಸಿದರು. ಆದರೆ ಅದೆಲ್ಲವೂ ಒಂದೇ ಜಾತಿಯೊಳಗಿನ ಮಾತು. ಬೇರೆ ಬೇರೆ ಜಾತಿಯ ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದಕ್ಕೆ ಅದರಿಂದ ಯಾವ ಸಮರ್ಥನೆಯೂ ಸಿಗುವುದಿಲ್ಲ.

ಮೊದಲ ತೊಡಕು ಶಾಖದ್ದು. ಹಾವು ತನ್ನ ಮೈಶಾಖವನ್ನು ಸುತ್ತಲಿನಿಂದಲೇ ಪಡೆಯಬೇಕು; ಜೀರ್ಣಕ್ರಿಯೆಯೂ ರೋಗನಿರೋಧಕ ಶಕ್ತಿಯೂ ಆ ಶಾಖವನ್ನೇ ಅವಲಂಬಿಸಿವೆ. ಬಾಲ್ ಪೈಥಾನಿನ ಪೆಟ್ಟಿಗೆಯ ಬಿಸಿ ಮೂಲೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಗಾಳಿಯಲ್ಲಿ ತೇವ ಹೆಚ್ಚಿರಬೇಕು. ಕಾರ್ನ್ ಸ್ನೇಕಿಗೆ 29 ಡಿಗ್ರಿಯ ಆಸುಪಾಸು ಸಾಕು. ಅದರ ತಂಪು ಮೂಲೆ 23 ಡಿಗ್ರಿಗೆ ಇಳಿದರೂ ತೊಂದರೆಯಿಲ್ಲ, ಅತಿಯಾದ ತೇವ ಮಾತ್ರ ಹಿಡಿಸದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಪಾದರಸ 15–16 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ‘ನಮ್ಮೂರಿನ ಹವೆ ಎಲ್ಲಕ್ಕೂ ಹಿತ’ ಎಂಬ ನಮ್ಮ ಹೆಮ್ಮೆ ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ಪೆಟ್ಟಿಗೆಗೂ ಅದರದೇ ಥರ್ಮೋಸ್ಟ್ಯಾಟ್ ಬೇಕು, ಕರೆಂಟು ಹೋದಾಗ ಯುಪಿಎಸ್ ಬೇಕು.

ಎರಡನೆಯದು ಹಸಿವು. ಹಾವನ್ನೇ ತಿನ್ನುವ ಹಾವುಗಳು ನಮಗೆ ಹೊಸವಲ್ಲ. ಪಶ್ಚಿಮ ಘಟ್ಟದ ಕಾಳಿಂಗ ಸರ್ಪವನ್ನು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಿದಾಗ ಅದಕ್ಕೆ ಇಟ್ಟ ಹೆಸರು ‘ಓಫಿಯೋಫೇಗಸ್ ಕಾಳಿಂಗ’. ಹಾವು ತಿನ್ನುವುದು ಎಂಬರ್ಥದ ಗ್ರೀಕ್ ಪದದ ಪಕ್ಕದಲ್ಲಿ ನಮ್ಮ ಕನ್ನಡದ ಹೆಸರು ಕುಳಿತಿರುವುದನ್ನು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ. ಸಾಕುವವರ ಮನೆಗಳಲ್ಲಿ ಈ ಪಾತ್ರವನ್ನು ಅಮೆರಿಕದ ಕಿಂಗ್ ಸ್ನೇಕ್ ವಹಿಸುತ್ತದೆ. ವಿಷವಿಲ್ಲದ ಈ ಹಾವು ತನಗಿಂತ ಉದ್ದವಾದ ಹಾವನ್ನೂ ಹಿಸುಕಿ ನುಂಗಬಲ್ಲದು. ಉದ್ದದ ಬೇಟೆ ಗಿಡ್ಡ ಹೊಟ್ಟೆಯಲ್ಲಿ ಹಿಡಿಸುವುದಾದರೂ ಹೇಗೆ? ನುಂಗುವಾಗ ಅದು ಬೇಟೆಯ ಬೆನ್ನುಮೂಳೆಯನ್ನು ಅಲೆಅಲೆಯಾಗಿ ಬಗ್ಗಿಸಿ, ಲಾಡಿಯನ್ನು ನೆರಿಗೆ ಹಿಡಿದು ಡಬ್ಬಿಗೆ ತುಂಬುವಂತೆ ತುಂಬಿಕೊಳ್ಳುತ್ತದೆ. ಹಾಗಾಗಿ ಕಿಂಗ್ ಸ್ನೇಕ್ ಇರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗವಿಲ್ಲದ ಪೆಟ್ಟಿಗೆ ಇರಲೇಬಾರದು. ಹಾವು ತಿನ್ನದ ಜಾತಿಗಳೂ ಇಲಿಯ ವಾಸನೆ ಮೂಗಿಗೆ ಬಡಿದರೆ ಎದುರಿಗೆ ಅಲುಗಿದ್ದನ್ನೆಲ್ಲ ಕಚ್ಚುತ್ತವೆ. ಒಂದೇ ಇಲಿಯನ್ನು ಎರಡು ತುದಿಯಿಂದ ನುಂಗತೊಡಗಿದ ಹಾವುಗಳಲ್ಲಿ ಒಂದು ಇನ್ನೊಂದರ ತಲೆಯನ್ನೂ ಒಳಗೆಳೆದುಕೊಳ್ಳುವುದುಂಟು.

ಇಷ್ಟನ್ನು ಕೇಳಿದವರು ಬೇರೆ ಬೇರೆ ಪೆಟ್ಟಿಗೆ ತಂದು, ಒಂದೇ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ, ಅದೂ ಸರಿಯಾಗಿ ತೊಳೆಯದ ಆ ಕೈಗಳಿಂದ.

ಬೋವಾ (ಹೆಬ್ಬಾವಿನಂತೆಯೇ ಬೇಟೆಯನ್ನು ಹಿಸುಕಿ ಕೊಲ್ಲುವ, ಆದರೆ ಬೇರೆ ಕುಟುಂಬದ ಹಾವು) ಮತ್ತು ಹೆಬ್ಬಾವುಗಳನ್ನು ಕಾಡುವ ‘ಇನ್‌ಕ್ಲೂಷನ್ ಬಾಡಿ ಡಿಸೀಸ್’ ಎಂಬ ರೋಗವನ್ನು 1970ರ ದಶಕದಿಂದಲೂ ಪಶುವೈದ್ಯರು ಬಲ್ಲರು. ಜೀವಕೋಶಗಳೊಳಗೆ ಪ್ರೋಟೀನಿನ ಮುದ್ದೆಗಳು ಕಟ್ಟಿಕೊಳ್ಳುವುದು ಅದರ ಗುರುತು. ಕಾರಣ ಮಾತ್ರ ದಶಕಗಳ ಕಾಲ ತಿಳಿಯಲಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ರೋಗಿ ಹಾವುಗಳ ಅಂಗಾಂಶದಲ್ಲಿ ಅರೀನಾ ವೈರಾಣುಗಳನ್ನು ಪತ್ತೆಮಾಡಿತು. ಮನುಷ್ಯರನ್ನು ಕಾಡುವ ಲಾಸಾ ಜ್ವರದ ವೈರಾಣು ಸೇರಿದ ಈ ಕುಟುಂಬ ಸ್ತನಿಗಳಲ್ಲಿ ಮಾತ್ರ ಇದೆಯೆಂದು ಅಲ್ಲಿಯವರೆಗೆ ನಂಬಲಾಗಿತ್ತು. ಇನ್ನೂ ಸೋಜಿಗವೆಂದರೆ, ಹಾವಿನ ಈ ವೈರಾಣುವಿನ ಮೈಮೇಲಿನ ಪ್ರೋಟೀನು ಎಬೋಲಾ ಕುಟುಂಬದ ಪ್ರೋಟೀನಿಗೆ ಹತ್ತಿರದ್ದು. ಓದುಗರು ಗಾಬರಿಯಾಗಬೇಕಿಲ್ಲ: ಇವು ಸುಮಾರು 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ, ಮನುಷ್ಯನ ಮೈಯ 37 ಡಿಗ್ರಿ ಇವಕ್ಕೆ ಒಗ್ಗುವುದಿಲ್ಲ.

ಭಿನ್ನ ಜಾತಿಗಳನ್ನು ಸಾಕುವವರಿಗೆ ಮುಖ್ಯವಾದದ್ದು ಮುಂದಿನ ಸಂಗತಿ. ಬೋವಾ ಈ ವೈರಾಣುವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊತ್ತು, ಉಂಡು, ಪೊರೆ ಬಿಟ್ಟು, ಆರೋಗ್ಯವಾಗಿಯೇ ಕಾಣಬಹುದು. ಅದೇ ವೈರಾಣು ಹೆಬ್ಬಾವಿಗೆ ಅಂಟಿದರೆ ಬೇಗನೆ ನರಮಂಡಲ ಕೆಡುತ್ತದೆ. ಹಾವು ತಲೆ ಮೇಲೆತ್ತಿ ಆಕಾಶ ನೋಡುವಂತೆ ತಿರುಚಿಕೊಳ್ಳುತ್ತದೆ, ಮಗುಚಿದರೆ ಹೊರಳಿ ಸರಿಯಾಗಲಾರದೆ ಸಾಯುತ್ತದೆ. ಬೋವಾದ ಮೈ ಬೂದಿ ಮುಚ್ಚಿದ ಕೆಂಡ, ಹೆಬ್ಬಾವಿನ ಮೈ ಒಣಹುಲ್ಲಿನ ಬಣವೆ. ಬೇರೊಂದು ರೀತಿಯಲ್ಲಿ ಹೇಳುವುದಾದರೆ, ಬೋವಾದಲ್ಲಿ ವೈರಾಣು ಮಾಲೀಕನ ಸ್ವಭಾವ ಅರಿತ ಹಳೆಯ ಬಾಡಿಗೆದಾರನಂತೆ, ಹೆಬ್ಬಾವಿನಲ್ಲಿ ಬಾಗಿಲು ಒಡೆದು ನುಗ್ಗಿದವನಂತೆ. ಹಾಗಾಗಿ ‘ನನ್ನ ಬೋವಾ ಗುಂಡುಕಲ್ಲಿನಂತಿದೆ’ ಎಂಬ ಮಾತು ಪಕ್ಕದ ಪೆಟ್ಟಿಗೆಯ ಹೆಬ್ಬಾವಿಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇವೆರಡನ್ನೂ ಒಂದೇ ಕೋಣೆಯಲ್ಲಿ ಇಡದಿರುವುದೇ ಲೇಸು.

ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ರೋಗ ದಾಟುವ ದಾರಿಗಳಲ್ಲಿ ಹಾವಿನ ನುಸಿಯೂ ಒಂದೆಂಬ ಶಂಕೆಯಿದೆ. ನಮ್ಮ ತೆಂಗಿನ ತೋಟಗಳನ್ನು ಕಾಡಿದ ನುಸಿಯ ದೂರದ ಬಂಧುವಾದ ಇದು ಸಾಸಿವೆಗಿಂತ ಚಿಕ್ಕದು; ಹುರುಪೆಗಳ ಸಂದಿಯಲ್ಲಿ ಕುಳಿತು ರಕ್ತ ಹೀರುತ್ತದೆ, ಎರಡು ಮೂರು ವಾರಗಳಲ್ಲಿ ಮೊಟ್ಟೆಯಿಂದ ಬೆಳೆದು ನಿಲ್ಲುತ್ತದೆ, ಗಾಜನ್ನು ಹತ್ತಿ ಪಕ್ಕದ ಪೆಟ್ಟಿಗೆಗೂ ನಡೆದುಹೋಗುತ್ತದೆ. ಅದಕ್ಕಿಂತ ವೇಗದ ವಾಹನ ಸಾಕುವವರ ತೋಳು, ಇಕ್ಕಳ, ನೀರಿನ ಬಟ್ಟಲು. ಆದ್ದರಿಂದ ಹೊಸ ಹಾವನ್ನು ಕನಿಷ್ಠ 90 ದಿನ ಬೇರೆ ಕೋಣೆಯಲ್ಲಿ ಇಡಬೇಕು, ಅದರ ಸಲಕರಣೆಗಳೂ ಬೇರೆಯಿರಬೇಕು. ದಿನದ ಕೆಲಸ ಬಹುಕಾಲದಿಂದ ಆರೋಗ್ಯವಾಗಿರುವ ಹಾವಿನಿಂದ ಆರಂಭವಾಗಿ, ಹೊಸ ಹಾವಿನ ಬಳಿ ಮುಗಿಯಬೇಕು. ನಮ್ಮ ಮಡಿಯ ನಿಯಮಗಳನ್ನು ನಾನು ಎಂದೂ ಒಪ್ಪಿದವನಲ್ಲ. ಇಲ್ಲಿ ಮಾತ್ರ ಮುಟ್ಟುವ ಕ್ರಮಕ್ಕೆ ನಿಜವಾದ ಕಾರಣವಿದೆ. ಬೋವಾವನ್ನಂತೂ ರಕ್ತಪರೀಕ್ಷೆ ಮಾಡಿಸದೆ 90 ದಿನದ ಲೆಕ್ಕವನ್ನಷ್ಟೇ ನಂಬಿ ಒಳಗೆ ತರಬಾರದು. ಹಾವುಗಳ ಕರುಳಿನಲ್ಲಿ ಸಾಮಾನ್ಯವಾಗಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಮನುಷ್ಯರಿಗೂ ತಗಲುವುದರಿಂದ ಪೆಟ್ಟಿಗೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಹವ್ಯಾಸವೇ ಹೊಂದುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ನಾಗರವಿರಲಿ, ಕೇರೆಯಿರಲಿ, ಅದೃಷ್ಟ ತರುತ್ತದೆಂಬ ಮೂಢನಂಬಿಕೆಗೆ ಬಲಿಯಾಗುತ್ತಿರುವ ಮಣ್ಣುಮುಕ್ಕ ಹಾವಿರಲಿ, ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಾಲ್ ಪೈಥಾನಿನಂತಹ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಾವುಗಳನ್ನು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನುಗಳೂ 17 ಕಾಳಿಂಗ ಸರ್ಪಗಳೂ ಸಿಕ್ಕವು. ಹಾಗೆ ಒತ್ತೊತ್ತಾಗಿ ತುಂಬಿ ಬಂದ ಹಾವು ಯಾವ ಯಾವ ನುಸಿ, ಯಾವ ಯಾವ ವೈರಾಣುಗಳ ಜೊತೆ ಪ್ರಯಾಣಿಸಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ.

ಆ ಯುವಕರ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಎರಡು ಪೆಟ್ಟಿಗೆಗಳು ಎರಡು ಕೋಣೆಗಳಲ್ಲಿವೆ, ಎರಡಕ್ಕೂ ಚಿಲಕ ಬಿದ್ದಿದೆ, ಪ್ರತಿಯೊಂದರ ಬಿಸಿ ಮೂಲೆಯಲ್ಲೂ ತಂಪು ಮೂಲೆಯಲ್ಲೂ ಒಂದೊಂದು ಮರೆಯಿದೆ. ಈ ಹಿಂದೆ ವಾರಗಟ್ಟಲೆ ಇಲಿಯನ್ನು ಮೂಸಿಯೂ ನೋಡದಿದ್ದ ಬಾಲ್ ಪೈಥಾನು, ಒಂಟಿಯಾದ ಎರಡನೆಯ ವಾರದಲ್ಲೇ ಕತ್ತಲಾದ ಮೇಲೆ ಮರೆಯಿಂದ ತಲೆ ಹೊರಹಾಕಿ ಇಲಿಯನ್ನು ಹಿಡಿಯಿತಂತೆ.