ಎತ್ತರ ಹೇಳುವುದು ಗಾಳಿಯ ಭಾರ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋಗುವಾಗ ಕಿವಿ ಕಟ್ಟಿಕೊಳ್ಳುವುದು ಕೊಡಗಿನವರಿಗೆಲ್ಲ ಗೊತ್ತು. ಇಳಿದಷ್ಟೂ ಮೇಲಿನ ಗಾಳಿಯ ಭಾರ ಹೆಚ್ಚುತ್ತದೆ. ವಿಮಾನದ ಎತ್ತರ ತೋರಿಸುವ ಉಪಕರಣ, ಆಲ್ಟಿಮೀಟರ್, ಗುರುತಿಸುವುದೂ ಇದನ್ನೇ. ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿಯೊಂದು ಅದರೊಳಗಿದೆ. ವಿಮಾನ ಏರಿದಂತೆ ಹೊರಗಿನ ಒತ್ತಡ ತಗ್ಗಿ ಡಬ್ಬಿ ಹಿಗ್ಗುತ್ತದೆ, ಮುಳ್ಳು ತಿರುಗುತ್ತದೆ. ಇಂದಿನ ಜೆಟ್‌ಗಳಲ್ಲಿ ಈ ಕೆಲಸ ಕಂಪ್ಯೂಟರಿನದು, ತತ್ವ ಮಾತ್ರ ಅದೇ. ಉಪಕರಣ ಅಳೆಯುವುದು ಎತ್ತರವನ್ನಲ್ಲ, ಒತ್ತಡವನ್ನು.

ತೊಡಕಿರುವುದು ಇಲ್ಲೇ. ಹವೆ ಬದಲಾದರೂ ಒತ್ತಡ ಬದಲಾಗುತ್ತದೆ. ಒತ್ತಡವನ್ನು ಹೆಕ್ಟೊಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ; ಸಮುದ್ರಮಟ್ಟದಲ್ಲಿ 1013.25 ಹೆಕ್ಟೊಪಾಸ್ಕಲ್ ಎಂಬುದು ಜಗತ್ತು ಒಪ್ಪಿಕೊಂಡ ಮಾನಕ. ಮುಂಗಾರಿನಲ್ಲಿ ಕರಾವಳಿಯ ಒತ್ತಡ 1005ಕ್ಕೆ ಇಳಿದ ದಿನ, ಮಂಗಳೂರಿಗೆ ಬರುವ ಪೈಲಟ್ ಮಾನಕವನ್ನೇ ಇಟ್ಟುಕೊಂಡರೆ, ಮುಳ್ಳು ಇನ್ನೂರಕ್ಕೂ ಹೆಚ್ಚು ಅಡಿ ಜಾಸ್ತಿ ತೋರಿಸುತ್ತದೆ. ಒಂದು ಹೆಕ್ಟೊಪಾಸ್ಕಲ್‌ಗೆ ಸುಮಾರು 28 ಅಡಿ ಲೆಕ್ಕ. ಆದ್ದರಿಂದ ನಿಲ್ದಾಣದ ಆ ಹೊತ್ತಿನ ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ನಿಯಂತ್ರಕರು ತಿಳಿಸುತ್ತಾರೆ. ಕ್ಯೂಎನ್‌ಎಚ್ ಎನ್ನುವ ಆ ಅಂಕಿಯನ್ನು ಪೈಲಟ್ ಗುಂಡಿ ತಿರುಗಿಸಿ ಕೂರಿಸುತ್ತಾರೆ, ಬಾಯಿಬಿಟ್ಟು ಮರಳಿ ಹೇಳುತ್ತಾರೆ.

ಕೊಡಗಿನ ಮೇಲೆ ಬಹಳ ಎತ್ತರದಲ್ಲಿ ಹಾದುಹೋಗುವ ವಿಮಾನಗಳೆಲ್ಲ ಇಡುವುದು 1013.25 ಅನ್ನೇ. ಅವು ತೋರಿಸುವ ಎತ್ತರ ನಿಜಕ್ಕಿಂತ ಬೇರೆ ಇರಬಹುದು. ಆದರೆ ಎಲ್ಲರದೂ ಒಂದೇ ತಪ್ಪು, ಹಾಗಾಗಿ ನಡುವಿನ 1000 ಅಡಿ ಅಂತರಕ್ಕೆ ಧಕ್ಕೆಯಿಲ್ಲ. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಏರ್ಪಾಡು ನನಗೆ ಬೇರೆ ಕಂಡಿಲ್ಲ.

ನೆಲದ ಹತ್ತಿರ ಆ ರಿಯಾಯಿತಿ ಇಲ್ಲ. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣಕ್ಕೆ ಏರ್‌ಬಸ್ ಎ320 ಒಂದು ಇಳಿಯುತ್ತಿತ್ತು. ನಿಯಂತ್ರಕರು 1001ರ ಬದಲು 1011 ಎಂದರು. ಪೈಲಟ್ ಕೇಳಿಸಿಕೊಂಡದ್ದನ್ನೇ ಮರಳಿ ಹೇಳಿದರು, ತಪ್ಪು ಯಾರ ಕಿವಿಗೂ ಬೀಳಲಿಲ್ಲ. ಹತ್ತೇ ಹೆಕ್ಟೊಪಾಸ್ಕಲ್, ಆದರೆ ವಿಮಾನ ಇರಬೇಕಾದ ದಾರಿಗಿಂತ ಸುಮಾರು 280 ಅಡಿ ಕೆಳಗೆ. ರನ್‌ವೇ ಕಾಣದೆ ಮತ್ತೆ ಮೇಲೇರುವ ಹೊತ್ತಿಗೆ ಅದು ನೆಲದಿಂದ ಕೇವಲ 6 ಅಡಿಯವರೆಗೆ ಇಳಿದಿತ್ತು, ರನ್‌ವೇ ಇನ್ನೂ ಕಿಲೋಮೀಟರಿಗೂ ಹೆಚ್ಚು ದೂರವಿತ್ತು.

ಅಂಕಿ ಸರಿಯಿದ್ದರೂ ಉಷ್ಣತೆ ಲೆಕ್ಕವನ್ನು ತುಸು ಕದಲಿಸುತ್ತದೆ. ಒತ್ತಡಕ್ಕಿರುವಂತೆ ಉಷ್ಣತೆಗೂ ಮಾನಕವಿದೆ. ಅದರ ಪ್ರಕಾರ 1748 ಮೀಟರ್ ಎತ್ತರದ, ಕೊಡಗಿನ ತಡಿಯಂಡಮೋಳ್ ಬೆಟ್ಟದ ನೆತ್ತಿಯಲ್ಲಿ 4 ಡಿಗ್ರಿಯೂ ಇರಬಾರದು. ನಮ್ಮ ಗಾಳಿ ಅದಕ್ಕಿಂತ ಬೆಚ್ಚಗೆ, ಹಿಗ್ಗಿಕೊಂಡಿರುತ್ತದೆ. ಹಾಗಾಗಿ ಇಲ್ಲಿ ವಿಮಾನ ಮುಳ್ಳು ತೋರಿಸುವುದಕ್ಕಿಂತ ಸ್ವಲ್ಪ ಮೇಲೆಯೇ ಹಾರುತ್ತದೆ. ಕೆನಡಾದ ಕಡುಚಳಿಯಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಪೈಲಟ್‌ಗಳು ಕೋಷ್ಟಕ ನೋಡಿ, ಇಳಿಯುವ ಹಾದಿಯ ಕನಿಷ್ಠ ಎತ್ತರಗಳಿಗೆ ಒಂದಷ್ಟು ಅಡಿ ಸೇರಿಸಿಕೊಳ್ಳಬೇಕು.