ಫ್ರಮ್ ಸಾಲಿನ ಕೆಳಗೆ ಏನಿದೆ?

ಡಾಕರ್‌ಫೈಲ್ ಅಂದರೆ ಒಂದು ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಸೇರಿಸಿ ಇಮೇಜ್ ಎಂಬ ಒಂದೇ ಕಟ್ಟು ಮಾಡಲು ಬರೆದ ಸೂಚನೆಗಳ ಫೈಲ್; ಆ ಇಮೇಜ್ ಓಡುತ್ತಿರುವಾಗ ಅದೇ ಕಂಟೇನರ್. ಡಾಕರ್‌ಫೈಲ್ ಓದುವಾಗ ಎಷ್ಟೋ ಜನ ಮೊದಲ ಸಾಲನ್ನು, ಅಂದರೆ ಯಾವ ಇಮೇಜಿನ ಮೇಲೆ ಕಟ್ಟಬೇಕು ಅಂತ ಹೇಳುವ ಫ್ರಮ್ ಸಾಲನ್ನು, ಹಾರಿಸಿಬಿಡುತ್ತಾರೆ. ನಾನು ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ. 'ಫ್ರಮ್ ಪೈಥಾನ್:3.11-ಸ್ಲಿಮ್' ಅಂತ ಬರೆದರೆ ಪೈಥಾನ್ ಒಂದೇ ಬರುವುದಿಲ್ಲ, ಅದರ ಅಡಿಯಲ್ಲಿರುವ ಡೆಬಿಯನ್ ಎಂಬ ಲಿನಕ್ಸ್ ಕೂಡ ಬರುತ್ತದೆ. ಅದರ ಲೈಬ್ರರಿಗಳೂ ನಿಮ್ಮವು, ಅದರ ದೋಷಗಳೂ ನಿಮ್ಮವು.

2023ರ ಜೂನ್‌ನಲ್ಲಿ ನಮ್ಮ ಒಂದು ಸರ್ವೀಸ್ ಕೈಕೊಟ್ಟಿತು. ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬಿಲ್ಡ್ ಸರಿಯಾಗಿಯೇ ಆಗಿತ್ತು. ಆದರೆ ಕಂಟೇನರ್ ಶುರುವಾದ ಕೂಡಲೇ ನಿಂತುಹೋಗುತ್ತಿತ್ತು. ಲಾಗ್ ನೋಡಿದರೆ, ಲಿಬ್‌ಎಸ್‌ಎಸ್‌ಎಲ್ 1.1 (ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ) ಸಿಗುತ್ತಿಲ್ಲ ಅಂತ ಒಂದೇ ಸಾಲು. ಆ ತಿಂಗಳು ಡೆಬಿಯನ್ 12 ಬಿಡುಗಡೆಯಾಗಿತ್ತು. ನಾವು ಬಳಸುತ್ತಿದ್ದ ಟ್ಯಾಗ್ (ಇಮೇಜಿನ ಹೆಸರಿನಲ್ಲಿ ':' ಆದಮೇಲೆ ಬರುವ ಭಾಗ) ಸದ್ದಿಲ್ಲದೆ 11ರಿಂದ 12ಕ್ಕೆ ಹೋಗಿತ್ತು. ಹೊಸದರಲ್ಲಿ ಇರುವುದು ಓಪನ್‌ಎಸ್‌ಎಸ್‌ಎಲ್ 3. ನಾವು ಬೇರೆ ಕಡೆಯಿಂದ ತಂದು ಸೇರಿಸಿದ್ದ ಹಳೆಯ ಬೈನರಿಗೆ (ಕಂಪೈಲ್ ಆಗಿದ್ದ ಪ್ರೋಗ್ರಾಂಗೆ) 1.1 ಬೇಕಿತ್ತು.

ಟ್ಯಾಗ್ ಅಂದರೆ ಚೀಟಿ ಅಷ್ಟೇ. ಇವತ್ತು ಒಂದು ಇಮೇಜಿನ ಮೇಲಿರುತ್ತದೆ, ನಾಳೆ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು. ಹಾಗಾಗಿ ಕೊನೇಪಕ್ಷ '3.11-ಸ್ಲಿಮ್-ಬುಕ್‌ವರ್ಮ್' ಅಂತ ಡೆಬಿಯನ್ ಆವೃತ್ತಿಯ ಹೆಸರನ್ನೂ (ಬುಕ್‌ವರ್ಮ್ ಅಂದರೆ ಡೆಬಿಯನ್ 12) ಬರೆಯಿರಿ. ಪೂರ್ತಿ ಕಟ್ಟಿಹಾಕಬೇಕಾದರೆ ಡೈಜೆಸ್ಟ್, ಅಂದರೆ ಇಮೇಜಿನ ಒಳಗಿರುವುದರಿಂದಲೇ ಲೆಕ್ಕಹಾಕಿದ ಗುರುತು, ಕೊಡಬೇಕು. ಡೈಜೆಸ್ಟ್ ಹಾಕಿ ಮರೆತುಬಿಟ್ಟರೆ ಅದೂ ಅಪಾಯವೇ, ಸೆಕ್ಯುರಿಟಿ ಪ್ಯಾಚ್‌ಗಳು ತಾವಾಗಿ ಬರುವುದಿಲ್ಲ. ನಾನು ವಾರಕ್ಕೊಮ್ಮೆ ಡೈಜೆಸ್ಟ್ ಬದಲಿಸಿ, ಟೆಸ್ಟ್ ಓಡಿಸಿ, ಹೊಸದಾಗಿ ಬಿಲ್ಡ್ ಮಾಡುತ್ತೇನೆ.

ಚಿಕ್ಕದು ಅಂತ ಸುಮ್ನೆ ಡೆಬಿಯನ್ ಬದಲು ಆಲ್ಪೈನ್ ಎಂಬ ಲಿನಕ್ಸ್ ಹಿಡಿಯುವವರಿಗೂ ಒಂದು ಮಾತು. ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಸಿ ಲೈಬ್ರರಿಯಾಗಿ ಅದರಲ್ಲಿರುವುದು ಡೆಬಿಯನ್‌ನ ಜಿಲಿಬ್‌ಸಿ ಅಲ್ಲ, ಮಸಲ್. ಜಿಲಿಬ್‌ಸಿಗೆಂದು ಕಟ್ಟಿದ ಬೈನರಿ ಅಲ್ಲಿ ಓಡದೇ ಇರಬಹುದು.

ಗಾತ್ರ ಇಳಿಸಲು ಹೊರಟವರು ಮಾಡುವ ಇನ್ನೊಂದು ತಪ್ಪಿದೆ. ಒಂದು ರನ್ ಸಾಲಿನಲ್ಲಿ (ಬಿಲ್ಡ್ ಆಗುವಾಗ ಕಮಾಂಡ್ ಓಡಿಸುವ ಸಾಲು) 200 ಎಂಬಿ ಫೈಲ್ ಇಳಿಸಿಕೊಳ್ಳುತ್ತಾರೆ, ಮುಂದಿನ ರನ್‌ನಲ್ಲಿ ಅಳಿಸುತ್ತಾರೆ. ಗಾತ್ರ ಇಳಿಯುವುದಿಲ್ಲ. ಪ್ರತಿ ರನ್ ಸಾಲೂ ಇಮೇಜಿನ ಮೇಲೆ ಹೊಸ ಪದರ, ಅಂದರೆ ಲೇಯರ್, ಸೇರಿಸುತ್ತದೆ. ಮೇಲಿನ ಲೇಯರ್ ಆ ಫೈಲನ್ನು ಮರೆಮಾಡುತ್ತದೆ, ಕೆಳಗಿನ ಲೇಯರ್‌ನಲ್ಲಿ ಅದು ಹಾಗೇ ಇರುತ್ತದೆ. ಪಾಸ್‌ವರ್ಡ್ ಫೈಲ್ ಆಗಿದ್ದರೆ? ಇಮೇಜ್ ಸಿಕ್ಕ ಯಾರು ಬೇಕಾದರೂ ತೆಗೆದು ಓದಬಹುದು.

2017ರಲ್ಲಿ ಬಂದ ಮಲ್ಟಿ-ಸ್ಟೇಜ್ ಬಿಲ್ಡ್ ಈ ಕಷ್ಟವನ್ನು ಬಹಳ ಇಳಿಸಿತು. ಮೊದಲ ಫ್ರಮ್‌ನಲ್ಲಿ ಕಂಪೈಲ್ ಮಾಡಿ, ಎರಡನೆಯದಕ್ಕೆ ಬೇಕಾದ ಫೈಲ್ ಮಾತ್ರ ಕಾಪಿ ಮಾಡಿದರಾಯಿತು. ಆದರೆ ಎರಡೂ ಫ್ರಮ್ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡೆಬಿಯನ್ 12ರಲ್ಲಿರುವುದು ಜಿಲಿಬ್‌ಸಿ 2.36, 11ರಲ್ಲಿ 2.31. ಹೊಸದರಲ್ಲಿ ಕಂಪೈಲ್ ಮಾಡಿದ್ದನ್ನು ಹಳೆಯದರಲ್ಲಿ ಓಡಿಸಲು ಹೋದರೆ, ಬೇಕಾದ ಜಿಲಿಬ್‌ಸಿ ಆವೃತ್ತಿ ಇಲ್ಲ ಅಂತ ಪ್ರೋಗ್ರಾಂ ಶುರುವಿನಲ್ಲೇ ನಿಂತುಬಿಡಬಹುದು.